ಪಗಡಿ: ರಸೀದಿ ಇಲ್ಲದ ಹಣದ ಚರಿತ್ರೆ

ಪಗಡಿ ಎಂದರೆ ಮುಂಡಾಸು. ಊರಿನಲ್ಲಿ ಅದಕ್ಕೆ ರುಮಾಲು, ಪೇಟ, ಪಟಗ ಎಂಬ ಬೇರೆ ಹೆಸರುಗಳೂ ಇವೆ. ಮುಂಬಯಿಗೆ ಬಂದ ಕನ್ನಡಿಗನಿಗೆ ಮಾತ್ರ ಈ ಶಬ್ದ ತಲೆಯ ಬಟ್ಟೆಗಿಂತ ಮೊದಲು ತಲೆಯ ಮೇಲಿನ ಸೂರನ್ನು ನೆನಪಿಸುತ್ತದೆ. ಇಲ್ಲಿ ಪಗಡಿ ಎಂದರೆ ಬಾಡಿಗೆಯ ಮನೆಗೋ ಅಂಗಡಿಗೋ ಕಾಲಿಡುವ ಮುನ್ನ, ಬಾಡಿಗೆಯಲ್ಲದೆ, ಠೇವಣಿಯೂ ಅಲ್ಲದೆ, ಮರಳಿ ಬರುವ ಮಾತೇ ಇಲ್ಲದಂತೆ ತೆರಬೇಕಾದ ದೊಡ್ಡ ಮೊತ್ತ. ನಮ್ಮ ಕಡೆಯ ಭೋಗ್ಯದೊಂದಿಗೆ ಇದನ್ನು ಹೋಲಿಸುವವರುಂಟು, ಹೋಲಿಕೆ ಸರಿಯಲ್ಲ. ಭೋಗ್ಯದಲ್ಲಿ ಹಣವನ್ನು ಇಡುಗಂಟಾಗಿ ಕೊಟ್ಟವನು ಬಾಡಿಗೆ ಕೊಡುವುದಿಲ್ಲ, ಬಿಡುವಾಗ ಇಡುಗಂಟು ಅವನಿಗೆ ಮರಳುತ್ತದೆ. ಪಗಡಿ ಕೊಟ್ಟವನು ಬಾಡಿಗೆಯನ್ನೂ ಕೊಡುತ್ತಾನೆ.

ಮುಂಡಾಸಿಗೂ ಈ ಹಣಕ್ಕೂ ನಂಟೇನು ಎಂದು ಕೇಳಿದರೆ ಹಳೆಯ ಮುಂಬಯಿಗರು, ಮನೆಯೊಡೆಯನಿಗೆ ಸಲ್ಲಿಸುವ ಮರ್ಯಾದೆ ಎಂದು ನಗುತ್ತಾರೆ. ಇಂಥ ಹಣಕ್ಕೆ ಲೋಕವೆಲ್ಲ ಸಭ್ಯ ಹೆಸರುಗಳನ್ನೇ ಇಟ್ಟಿರುವುದು ನಮಗೆ ಕುತೂಹಲದ ಸಂಗತಿ. ಕಲಕತ್ತೆಯವರು ಇದನ್ನು ಸೆಲಾಮಿ ಎಂದರು. ಒಡೆಯನಿಗೆ ಹೊಡೆಯುವ ಸಲಾಮು. ಜಪಾನಿನಲ್ಲಿ ಇದು ರೇಯ್‌ಕಿನ್, ಕೃತಜ್ಞತೆಯ ಹಣ. ಆಂಗ್ಲರು ಬೀಗದ ಕೈಯ ಹಣ ಎಂದು ಕರೆದರು. ಸುಲಿಗೆ ಎಂಬ ಹೆಸರನ್ನು ಯಾವ ಊರೂ ಇಡಲಿಲ್ಲ.

ಈ ಹಣದ ಚರಿತ್ರೆಯನ್ನು ಮುಂಬಯಿಯಿಂದಲೇ ಆರಂಭಿಸಲು ಬರುವುದಿಲ್ಲ. ಅದನ್ನು ನಿಷೇಧಿಸಿದ ಮಾತುಗಳು ಬಂದದ್ದು ಬ್ರಿಟನ್ನಿನಿಂದ. ಮೊದಲ ಮಹಾಯುದ್ಧದ ಕಾಲದಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರಕ್ಕೆ ಹಡಗು ಮತ್ತು ಮದ್ದುಗುಂಡಿನ ಕಾರ್ಖಾನೆಗಳ ಕೆಲಸಗಾರರು ಬಂದು ತುಂಬಿದರು. ಮನೆಯೊಡೆಯರು ಬಾಡಿಗೆ ಏರಿಸಿದರು. ಗಂಡಸರಲ್ಲಿ ಹಲವರು ರಣರಂಗದಲ್ಲಿದ್ದಾಗ ಮೇರಿ ಬಾರ್ಬರ್ ಮುಂತಾದ ಹೆಂಗಸರು 1915ರಲ್ಲಿ ಬಾಡಿಗೆ ಕೊಡಲು ನಿರಾಕರಿಸಿ ಬೀದಿಗಿಳಿದರು. ಆ ವರ್ಷದ ಡಿಸೆಂಬರಿನಲ್ಲಿ ಬ್ರಿಟಿಷ್ ಸಂಸತ್ತು ಬಾಡಿಗೆಯನ್ನು 1914ರ ಆಗಸ್ಟಿನ ಮಟ್ಟದಲ್ಲಿ ಹಿಡಿದು ನಿಲ್ಲಿಸುವ ಕಾಯಿದೆ ಮಾಡಿತು. ಕಾಯಿದೆ ಬರೆದವರು ಮನುಷ್ಯಸ್ವಭಾವವನ್ನು ಬಲ್ಲವರು. ಬಾಡಿಗೆಯ ಬಾಗಿಲು ಮುಚ್ಚಿದರೆ ಹಣ ಕಿಟಕಿಯಿಂದ ನುಗ್ಗುತ್ತದೆಂದು ಅರಿತು, ಬಾಡಿಗೆಯಲ್ಲದೆ ‘ಫೈನ್, ಪ್ರೀಮಿಯಂ ಅಥವಾ ಅಂಥ ಇನ್ನಾವುದೇ ಮೊತ್ತ’ವನ್ನು ಕೇಳಕೂಡದು ಎಂದೂ ಸೇರಿಸಿದರು. ಇಲ್ಲಿಯ ಫೈನ್ ನಾವು ತಿಳಿದಿರುವ ದಂಡವಲ್ಲ. ಗೇಣಿಯ ಆರಂಭದಲ್ಲಿ ಒಡೆಯನಿಗೆ ಕೊಡುವ ಕಾಣಿಕೆಗೆ ಆಂಗ್ಲ ಕಾನೂನಿನಲ್ಲಿದ್ದ ಹಳೆಯ ಹೆಸರು. ಈ ಮಾತಿನ ಗೊಂಚಲನ್ನು ಓದುಗರು ನೆನಪಿನಲ್ಲಿಡಬೇಕು. ಅದು ಸಮುದ್ರ ದಾಟಿ ಮುಂಬಯಿಗೆ ಬಂದು, 80 ವರ್ಷಗಳ ಬಳಿಕ ತಾನೇ ತಿರುಗಿ ನಿಂತದ್ದು ನಮ್ಮ ಕಥೆಯ ಮುಖ್ಯ ಘಟನೆ.

ಮುಂಬಯಿಯಲ್ಲಿ ಇಕ್ಕಟ್ಟು ಯುದ್ಧಕ್ಕಿಂತ ಹಳೆಯದು. 1896ರ ಪ್ಲೇಗಿನ ಬಳಿಕ, 1898ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು. ಕತ್ತಲೆಯ ಓಣಿಗಳನ್ನು ಒಡೆದು ರಸ್ತೆ ಮಾಡುವ ಅದರ ಕೆಲಸದಲ್ಲಿ ಮನೆಗಳು ಎಷ್ಟು ಎದ್ದವೋ ಅಷ್ಟೇ ಉರುಳಿದವು. ಆ ಕಾಲದಲ್ಲಿ ನಮ್ಮ ಕರಾವಳಿಯಿಂದ ಬಂದವರು ಮನೆ ಹುಡುಕಿದರೆನ್ನುವುದಕ್ಕಿಂತ ಮೂಲೆ ಹುಡುಕಿದರು ಎನ್ನಬೇಕು. ಹೋಟೆಲಿನ ಹುಡುಗ ಬಾಗಿಲು ಮುಚ್ಚಿದ ಮೇಲೆ ಹೋಟೆಲಿನಲ್ಲೇ ಮಲಗಿದ. ಮಿಲ್ಲಿನವನು ಹತ್ತು ಮಂದಿಯ ಖೋಲಿಯಲ್ಲಿ ಪಾಳಿಯ ಮೇಲೆ ಮಲಗಿದ. ಅವರಿಗೆ ಬಾಡಿಗೆಯ ಕರಾರೂ ಇರಲಿಲ್ಲ, ಅನಿರೀಕ್ಷಿತ ಶುಲ್ಕವೂ ಇರಲಿಲ್ಲ. ಸಂಸಾರ ತರಬೇಕೆಂದಾಗಲೇ ಪ್ರಶ್ನೆ ಎದ್ದದ್ದು.

ಆ ಪ್ರಶ್ನೆಗೆ ಮೊದಲ ವ್ಯವಸ್ಥಿತ ಉತ್ತರ ಕೊಟ್ಟವರು ಕನ್ನಡ ಜಿಲ್ಲೆಯ ಮೂಲದವರೇ ಎಂಬುದನ್ನು ನಾವು ಮರೆಯಬಾರದು. ಶ್ರೀಪಾದ ಸುಬ್ಬರಾವ್ ತಲ್ಮಾಕಿ ಚಿತ್ರಾಪುರ ಸಾರಸ್ವತರು. ಆ ಸಮಾಜದ ಮಠ ಉತ್ತರ ಕನ್ನಡದ ಶಿರಾಲಿಯಲ್ಲಿದೆ. ಮನೆಮಾತು ಕೊಂಕಣಿ, ನಂಟು ಕನ್ನಡ ನಾಡಿನದು. 1906ರಲ್ಲಿ ತಮ್ಮ ಗುರು ಶಾಮರಾವ್ ವಿಠಲರ ಹೆಸರಿನಲ್ಲಿ ಸಹಕಾರಿ ಪತ್ತಿನ ಸಂಘ ಕಟ್ಟಿದ ತಲ್ಮಾಕಿಯವರು, 1912ರ ಸಹಕಾರ ಕಾಯಿದೆ ಪತ್ತಿನಾಚೆಯ ಕೆಲಸಗಳಿಗೂ ದಾರಿ ತೆರೆದೊಡನೆ ವಸತಿಯ ಕಡೆ ತಿರುಗಿದರು. 1915ರಲ್ಲಿ ಗಾಮದೇವಿಯಲ್ಲಿ ಸಾರಸ್ವತ ಸಹಕಾರಿ ಗೃಹ ಸಂಘ ಸ್ಥಾಪನೆಯಾಯಿತು. ಏಷ್ಯಾದಲ್ಲೇ ಮೊದಲನೆಯದು ಎಂಬ ಕೀರ್ತಿ ಅದಕ್ಕಿದೆ. ಕಟ್ಟಡ ಸಂಘದ್ದು, ವಾಸಿಸುವವರು ಸದಸ್ಯರು. ತಾವೇ ಒಡೆಯರು, ತಾವೇ ಬಾಡಿಗೆದಾರರು. ಗ್ಲಾಸ್ಗೋದ ಹೆಂಗಸರು ಬೀದಿಗಿಳಿದ ವರ್ಷವೂ ಅದೇ. ಅಲ್ಲಿ ಕಾನೂನಿನಿಂದ ಸಾಧಿಸಿದ್ದನ್ನು ಇಲ್ಲಿ ಕೆಲವು ಗುಮಾಸ್ತರು ಮತ್ತು ವಕೀಲರು ವಂತಿಗೆಯಿಂದ ಸಾಧಿಸಲು ಹೊರಟರು. ಒಡೆಯನೇ ಇಲ್ಲದ ಮನೆಯಲ್ಲಿ ಒಡೆಯನಿಗೆ ಕಾಣಿಕೆ ಕೊಡುವ ಪ್ರಮೇಯವಿಲ್ಲವಷ್ಟೇ.

ಇತ್ತ 1918ರಲ್ಲಿ ಮುಂಬಯಿ ಸರಕಾರ ಯುದ್ಧಕಾಲದ ಬಾಡಿಗೆ ನಿರ್ಬಂಧ ಕಾಯಿದೆಯನ್ನು ತಂದಿತು. ಭಾರತದ ಬಾಡಿಗೆ ನಿಯಂತ್ರಣಕ್ಕೆ ಅದೇ ಆದಿ. ಗವರ್ನರ್ ಜಾರ್ಜ್ ಲಾಯ್ಡ್ ಅವರ ಕಾಲದಲ್ಲಿ, 1920ರ ದಶಕದ ಆದಿಯಲ್ಲಿ, ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್ ವರ್ಲಿ, ನಾಯಗಾಂವ್, ಡಿಲೈಲ್ ರೋಡ್, ಶಿವ್ಡಿಗಳಲ್ಲಿ ಚಾಳುಗಳನ್ನು ಕಟ್ಟಿತು. ಇಂದಿಗೂ ಬಿಡಿಡಿ ಚಾಳುಗಳೆಂದು ಹೆಸರಾದವು ಅವು. ಮಿಲ್ಲುಗಳಿಂದ ದೂರ, ಬಾಡಿಗೆ ದುಬಾರಿ ಎಂದು ಮೊದಲ ವರ್ಷಗಳಲ್ಲಿ ಅಲ್ಲಿಯ ಅನೇಕ ಖೋಲಿಗಳು ಖಾಲಿ ಉಳಿದವು ಎಂದರೆ ಇಂದಿನವರು ನಂಬಲಾರರು. ಖಾಲಿ ಖೋಲಿ ಇರುವಷ್ಟು ಕಾಲ ಪಗಡಿಗೆ ಎಡೆಯಿಲ್ಲ.

ಎಡೆ ಮಾಡಿಕೊಟ್ಟದ್ದು ಎರಡನೆಯ ಯುದ್ಧ. 1941ರ ಜನಗಣತಿಯಲ್ಲಿ ದ್ವೀಪನಗರದ ಜನಸಂಖ್ಯೆ ಸುಮಾರು 15 ಲಕ್ಷ. 1951ರಲ್ಲಿ 23 ಲಕ್ಷ. ಯುದ್ಧದ ಉದ್ಯೋಗಗಳು ಜನರನ್ನು ಸೆಳೆದವು, ದೇಶವಿಭಜನೆ ನಿರಾಶ್ರಿತರನ್ನು ತಂದಿತು, ಸಿಮೆಂಟು ಉಕ್ಕುಗಳು ಯುದ್ಧಕ್ಕೆ ಹೋಗಿದ್ದುದರಿಂದ ಮನೆಗಳು ಏಳಲಿಲ್ಲ. 1939 ಮತ್ತು 1944ರ ನಿರ್ಬಂಧ ಕಾಯಿದೆಗಳ ಬಳಿಕ 1947ರಲ್ಲಿ ಬಂದ ಬಾಂಬೆ ರೆಂಟ್ ಆ್ಯಕ್ಟ್ ಈ ಊರಿನ ಭವಿಷ್ಯವನ್ನೇ ಬರೆಯಿತು. 1940ರ ಸೆಪ್ಟೆಂಬರ್ 1ರಂದು ಯಾವ ಬಾಡಿಗೆ ಇತ್ತೋ ಅದೇ ‘ಸ್ಟ್ಯಾಂಡರ್ಡ್ ರೆಂಟ್’. ಕಾಯಿದೆಗೆ ಕಾಲಮಿತಿ ಇತ್ತು. ಆದರೆ ಪ್ರತಿ ಸಲ ಮಿತಿ ಮುಗಿಯುವ ಹೊತ್ತಿಗೆ ವಿಧಾನಮಂಡಲ ಅದನ್ನು ವಿಸ್ತರಿಸಿತು. ಬಾಡಿಗೆದಾರರಿಗೆ ಮತವಿದೆ, ಅವರ ಸಂಖ್ಯೆ ಒಡೆಯರಿಗಿಂತ ಬಹಳ ಹೆಚ್ಚು.

ಆ ಕಾಯಿದೆಯ 18ನೆಯ ಕಲಮಿನಲ್ಲಿ ಬ್ರಿಟನ್ನಿನ ಮಾತಿನ ಗೊಂಚಲು ಹಾಗೆಯೇ ಬಂದು ಕುಳಿತಿದೆ. ಗೇಣಿ ಕೊಡುವಾಗಲಾಗಲಿ, ನವೀಕರಿಸುವಾಗಲಾಗಲಿ, ಮುಂದುವರಿಸುವಾಗಲಾಗಲಿ ಒಡೆಯನು ಫೈನ್, ಪ್ರೀಮಿಯಂ ಅಥವಾ ಅಂಥ ಇನ್ನಾವುದೇ ಮೊತ್ತ, ಇಲ್ಲವೆ ಠೇವಣಿ ತೆಗೆದುಕೊಂಡರೆ ಅದು ಅಪರಾಧ. ಸೆರೆಮನೆ, ಜೊತೆಗೆ ದಂಡ. ಖೋಲಿ ಬಿಟ್ಟುಕೊಡುವ ಬಾಡಿಗೆದಾರ ಹಣ ತೆಗೆದುಕೊಂಡರೆ ಅದಕ್ಕೆ 19ನೆಯ ಕಲಮು. ಆಗ ಬೆಳಗಾವಿ, ಧಾರವಾಡ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿ ಪ್ರಾಂತದಲ್ಲೇ ಇದ್ದವು. ಗಿರಗಾಂವಿನ ಖೋಲಿಗೂ ಹುಬ್ಬಳ್ಳಿಯ ಅಂಗಡಿಗೂ ಕಾನೂನು ಬರೆಯುತ್ತಿದ್ದ ವಿಧಾನಮಂಡಲ ಒಂದೇ ಆಗಿತ್ತು.

ಕಾನೂನು ಇಷ್ಟು ಕಟುವಾಗಿದ್ದರೂ ಆದದ್ದೇನು? ಬಾಡಿಗೆ ನಿಂತಲ್ಲೇ ನಿಂತಿತು, ಖೋಲಿಯ ಬೆಲೆ ಏರುತ್ತ ಹೋಯಿತು. ಎರಡರ ನಡುವಿನ ಅಂತರವನ್ನು ತುಂಬಿಕೊಳ್ಳಲು ಪಗಡಿ ಎದ್ದು ನಿಂತಿತು. ಪದ್ಧತಿ ಹೀಗೆ ನೆಲೆಗೊಂಡಿತು. ಹೊಸ ಕಟ್ಟಡವಾದರೆ ಇಡೀ ಪಗಡಿ ಒಡೆಯನಿಗೆ. ಹಳೆಯ ಬಾಡಿಗೆದಾರ ಬಿಟ್ಟು ಮತ್ತೊಬ್ಬ ಬಂದರೆ, ಹೊಸಬ ತಂದ ಹಣದಲ್ಲಿ ಸುಮಾರು ಮೂರನೆಯ ಒಂದು ಪಾಲು ಒಡೆಯನಿಗೆ, ಉಳಿದದ್ದು ಬಿಟ್ಟು ಹೋಗುವವನಿಗೆ. ಒಡೆಯ ತನ್ನ ಪಾಲು ಕೈಸೇರಿದ ಮೇಲೆ ಬಾಡಿಗೆಯ ರಸೀದಿಯನ್ನು ಹೊಸಬನ ಹೆಸರಿಗೆ ಬದಲಿಸುತ್ತಾನೆ. ಪಗಡಿಯ ಲಕ್ಷಕ್ಕೆ ರಸೀದಿ ಇಲ್ಲ. ಅದರ ಫಲವಾಗಿ ಸಿಗುವ ತಿಂಗಳ ನೂರು ರೂಪಾಯಿಯ ಬಾಡಿಗೆಗೆ ಮಾತ್ರ ರಸೀದಿ ಉಂಟು! ಆ ಸಣ್ಣ ಚೀಟಿಯೇ ದೊಡ್ಡ ಹಣದ ಏಕೈಕ ಸಾಕ್ಷಿ. ಮುಂಬಯಿಯ ಹಳೆಯ ಕುಟುಂಬಗಳಲ್ಲಿ ಬಾಡಿಗೆಯ ರಸೀದಿಗಳನ್ನು ಒಡವೆಯ ಡಬ್ಬಿಯಲ್ಲಿ ಇಡುವುದಕ್ಕೆ ಕಾರಣ ಇದು.

ಸರಕಾರಿ ನೌಕರಿಯ ನಮ್ಮಂಥವರಿಗೆ ಕಡತದಲ್ಲಿ ನಮೂದಾಗದ ಹಣ ಎಂದರೆ ಸಹಜವಾಗಿಯೇ ಅಳುಕು. ಆದರೆ ಪಗಡಿಯನ್ನು ಬರೀ ವಂಚನೆಯೆಂದು ತಳ್ಳಿಹಾಕಲು ನಮಗೆ ಮನಸ್ಸಾಗುವುದಿಲ್ಲ. ಅದರಲ್ಲಿ ಒಂದು ವಿಚಿತ್ರ ನ್ಯಾಯವೂ ಇತ್ತು. ಕೊಟ್ಟವನು ಒಂದು ದಿನ ಪಡೆಯುವವನೂ ಆಗುತ್ತಿದ್ದ. ಬಾಡಿಗೆಯವನು ಎಂಬ ಹೆಸರಿನಲ್ಲೇ ಅರ್ಧ ಒಡೆಯನಾಗುತ್ತಿದ್ದ. ಮಕ್ಕಳ ಓದಿಗೆ, ಮಗಳ ಮದುವೆಗೆ ದಾದರಿನ ಖೋಲಿಯನ್ನು ಬಿಟ್ಟು, ಆ ಹಣದಲ್ಲಿ ಡೊಂಬಿವಲಿಯಲ್ಲೋ ಮುಲುಂಡಿನಲ್ಲೋ ಸ್ವಂತ ಮನೆ ಮಾಡಿಕೊಂಡ ಸಂಸಾರಗಳು ಕನ್ನಡಿಗರಲ್ಲಿ ಎಷ್ಟಿಲ್ಲ! ಅನ್ಯಾಯವಾದದ್ದು ಹೊಸಬನಿಗೆ. ಜಾಹೀರಾತಿನ ಅಥವಾ ಪರಿಚಯದವರ ಮಾತಿನ ಮೇಲೆ ಬಾಡಿಗೆ ಅಗ್ಗವೆಂದು ತಿಳಿದು ಬಂದವನಿಗೆ, ಕೊನೆಯ ಮಾತುಕತೆಯ ಹೊತ್ತಿಗೆ ತನ್ನ ಹಲವು ವರ್ಷಗಳ ಸಂಬಳದಷ್ಟು ಮೊತ್ತ ಎದುರಾಗುತ್ತಿತ್ತು.

ನಮ್ಮ ಹೋಟೆಲಿನವರ ಪಾಡು ಇದಕ್ಕೆ ಒಳ್ಳೆಯ ನಿದರ್ಶನ. ಸ್ಟೇಷನ್ನಿನ ಎದುರಿನ ಜಾಗ ಪಗಡಿಯಿಲ್ಲದೆ ಸಿಗದು. ಪಗಡಿಯ ಜಾಗವನ್ನು ಅಡವಾಗಿ ಹಿಡಿದು ಬ್ಯಾಂಕು ಸಾಲ ಕೊಡದು, ಏಕೆಂದರೆ ಅಡವಿಡುವವನು ಕಾಗದದ ಮೇಲೆ ಬರೀ ಬಾಡಿಗೆದಾರ. ಕೆನರಾ, ಕಾರ್ಪೊರೇಷನ್, ಕರ್ನಾಟಕ, ಸಿಂಡಿಕೇಟ್, ವಿಜಯಾ ಎಂದು ಐದು ಬ್ಯಾಂಕುಗಳನ್ನು ಹುಟ್ಟಿಸಿದ ಅವಿಭಜಿತ ಜಿಲ್ಲೆಯ ಜನ ಮುಂಬಯಿಯಲ್ಲಿ ಮಾತ್ರ ಚೀಟಿಹಣ, ಹೆಂಡತಿಯ ಒಡವೆ, ಭಾವನ ಪಾಲುದಾರಿಕೆ ಇವುಗಳನ್ನೇ ನೆಚ್ಚಬೇಕಾಯಿತು. ಒಂದು ಹೋಟೆಲಿಗೆ ನಾಲ್ಕು ಮಂದಿ ಪಾಲುದಾರರು ಇರುತ್ತಿದ್ದುದಕ್ಕೆ ಬಂಧುಪ್ರೇಮ ಎಷ್ಟು ಕಾರಣವೋ ಪಗಡಿಯ ಭಾರವೂ ಅಷ್ಟೇ ಕಾರಣ ಎಂದು ನಮಗೆ ತೋರುತ್ತದೆ.

ಬರೆದಿಡದ ಹಣದ ಇನ್ನೊಂದು ತೊಡಕು ಮನಸ್ತಾಪದ ದಿನ ತಿಳಿಯುತ್ತಿತ್ತು. ಒಡೆಯ ಪಗಡಿ ತೆಗೆದುಕೊಂಡು ಜಾಗ ಕೊಡದಿದ್ದರೆ ನ್ಯಾಯಾಲಯಕ್ಕೆ ಹೋಗುವುದು ಹೇಗೆ? ತಾನೂ ಕಾನೂನು ಮುರಿದೆನೆಂದು ಹೇಳಿಕೊಂಡು ಹೋಗಬೇಕು. ಇಬ್ಬರೂ ಸಮಾನ ತಪ್ಪಿತಸ್ಥರಾದಲ್ಲಿ ನ್ಯಾಯಾಲಯ ಯಾರಿಗೂ ನೆರವಾಗದು ಎಂಬ ಹಳೆಯ ಸೂತ್ರವೊಂದಿದೆ. ಬಿಹಾರದ ಮೊಕದ್ದಮೆಯೊಂದರಲ್ಲಿ 1986ರಲ್ಲಿ ಸರ್ವೋಚ್ಚ ನ್ಯಾಯಾಲಯ ಈ ಸೂತ್ರಕ್ಕೆ ಒಂದು ಒಳ್ಳೆಯ ಅಪವಾದ ಹೇಳಿತು. ಮೊಹಮ್ಮದ್ ಸಲೀಮುದ್ದೀನ್ ಪ್ರಕರಣವೆಂದು ಅದು ಪ್ರಸಿದ್ಧ. ಸೂರಿಗಾಗಿ ನಿರ್ಬಂಧಕ್ಕೊಳಗಾಗಿ ಹಣ ಕೊಟ್ಟ ಬಾಡಿಗೆದಾರನೂ ಅವನ ಅಗತ್ಯವನ್ನು ಬಳಸಿಕೊಂಡ ಒಡೆಯನೂ ಒಂದೇ ತಕ್ಕಡಿಯಲ್ಲಿ ತೂಗತಕ್ಕವರಲ್ಲ. ಆದ್ದರಿಂದ ಕೊಟ್ಟ ಮುಂಗಡವನ್ನು ಬಾಡಿಗೆಯಲ್ಲಿ ವಜಾ ಮಾಡಿಕೊಳ್ಳಬಹುದು ಎಂಬುದು ಅದರ ಸಾರ. ಆ ಪ್ರಕರಣದಲ್ಲಿ ಹಣ ಕೊಟ್ಟದ್ದಕ್ಕೆ ದಾಖಲೆ ಇತ್ತೆಂಬುದನ್ನು ಗಮನಿಸಬೇಕು. ಪಗಡಿಗೆ ಅದೇ ಇರುವುದಿಲ್ಲ.

ಒಡೆಯರ ಕಡೆಯ ಮಾತನ್ನೂ ಕೇಳದೆ ಮುಂದುವರಿದರೆ ಚರಿತ್ರೆ ಓರೆಯಾಗುತ್ತದೆ. 1940ರ ಬಾಡಿಗೆಯಲ್ಲಿ 1970ರ ಗಾರೆಯವನ ಕೂಲಿ ಹುಟ್ಟುವುದಿಲ್ಲ. ದುರಸ್ತಿ ನಿಂತಿತು, ಮಳೆಗಾಲದಲ್ಲಿ ಕಟ್ಟಡಗಳು ಕುಸಿದವು. 1969ರಲ್ಲಿ ಸರಕಾರ ದುರಸ್ತಿ ಮಂಡಳಿ ರಚಿಸಿ ಹಳೆಯ ಕಟ್ಟಡಗಳ ಮೇಲೆ ಸೆಸ್ ಹಾಕಿತು. ಸುಮಾರು 19,600 ಕಟ್ಟಡಗಳು ಅದರ ವ್ಯಾಪ್ತಿಗೆ ಬಂದವು. ಇವನ್ನೇ ಇಂದು ಸೆಸ್ ಕಟ್ಟಡಗಳೆನ್ನುವುದು. ಬಾಡಿಗೆ ಏರಿಸಲು ಧೈರ್ಯವಿಲ್ಲದ ಸರಕಾರ ದುರಸ್ತಿಯ ಹಣವನ್ನು ತೆರಿಗೆಯ ಹೆಸರಿನಲ್ಲಿ ಎತ್ತಿತೆಂಬುದು ನಮ್ಮ ಅಭಿಪ್ರಾಯ. 1986ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಬಾಡಿಗೆದಾರರ ಸಂಘವು ತಿಂಗಳ ಬಾಡಿಗೆಯ ನೂರು ಪಟ್ಟು ತೆತ್ತು ಕಟ್ಟಡವನ್ನೇ ಪಡೆಯಬಹುದೆಂಬ ಏರ್ಪಾಟು ಮಾಡಿತು. ಒಡೆಯರು ಅದನ್ನು ಪ್ರಶ್ನಿಸಿ ಹೂಡಿದ ಮೊಕದ್ದಮೆಯ ಸಂವಿಧಾನಿಕ ಪ್ರಶ್ನೆಗೆ ಒಂಬತ್ತು ನ್ಯಾಯಾಧೀಶರ ಪೀಠ ಉತ್ತರ ಕೊಟ್ಟದ್ದು 2024ರ ನವೆಂಬರಿನಲ್ಲಿ. ಸಯೀದ್ ಮಿರ್ಜಾ 1984ರಲ್ಲಿ ‘ಮೋಹನ್ ಜೋಶಿ ಹಾಜಿರ್ ಹೋ’ ಎಂಬ ಚಿತ್ರ ಮಾಡಿದಾಗ, ಮನೆಯ ದುರಸ್ತಿಗಾಗಿ ನ್ಯಾಯಾಲಯ ಸುತ್ತುವ ಮುದುಕರ ಕಥೆಗೆ ಇಲ್ಲಿಯ ಪ್ರೇಕ್ಷಕರು ನಕ್ಕದ್ದು ವಿಷಾದದಿಂದಲೇ ಇರಬೇಕು.

ಕೆಲವು ಒಡೆಯರು ಬೇರೊಂದು ದಾರಿ ಹಿಡಿದರು. ಬಾಡಿಗೆ ಎಂದರೆ ತಾನೆ ಈ ಕಾಯಿದೆ? ‘ಬಾಡಿಗೆಯಲ್ಲ, ಇರಲು ಪರವಾನಗಿ ಮಾತ್ರ’ ಎಂದು ಬರೆಸಿಕೊಂಡರು. ಲೀವ್ ಅಂಡ್ ಲೈಸೆನ್ಸ್ ಎಂಬ ಈ ಕರಾರಿನ ಬೇರು 1882ರ ಈಸ್‌ಮೆಂಟ್ಸ್ ಕಾಯಿದೆಯಲ್ಲಿದೆ. ಬೆಂಗಳೂರಿನಿಂದ ವರ್ಗವಾಗಿ ಬಂದವರು ಮೊದಲ ಸಲ ಈ ಹೆಸರು ಕೇಳಿ ಬೆಚ್ಚುವುದುಂಟು. ಮನೆಯಲ್ಲಿ ಇರಲು ಲೈಸೆನ್ಸೇ? 1973ರಲ್ಲಿ ವಿಧಾನಮಂಡಲ ಈ ದಾರಿಯನ್ನೂ ಮುಚ್ಚಲು ಹೋಯಿತು. ಆ ವರ್ಷದ ಫೆಬ್ರವರಿ 1ರಂದು ಪರವಾನಗಿಯ ಮೇಲೆ ಇದ್ದವರೆಲ್ಲ ಬಾಡಿಗೆದಾರರೆಂದೇ ಪರಿಗಣಿತರು ಎಂದಿತು. ಅಂದು ಒಳಗಿದ್ದವರಿಗೆ ಅದು ವರ. ಹೊರಗಿದ್ದವರಿಗೆ ಬಾಗಿಲೇ ಮುಚ್ಚಿತು. ಒಳಗೆ ಬಿಟ್ಟವನು ಹೊರಡಲಾರನೆಂಬ ಅಂಜಿಕೆಯಿಂದ ಒಡೆಯರು ಫ್ಲ್ಯಾಟುಗಳಿಗೆ ಬೀಗ ಹಾಕಿ ಇಟ್ಟರು. ಕೊಟ್ಟವರೂ ಹನ್ನೊಂದೇ ತಿಂಗಳಿಗೆ ಕೊಟ್ಟರು, ದೊಡ್ಡ ಠೇವಣಿ ಹಿಡಿದರು, ಹೊಸ ಕರಾರಿಗೆ ಹೊಸ ದಲಾಲಿ ಕೇಳಿಸಿದರು. ಇಂದು ನಾವು ಅಂಧೇರಿ, ಬೊರಿವಲಿ, ಠಾಣೆಗಳಲ್ಲಿ ಅನುಭವಿಸುವ ಹನ್ನೊಂದು ತಿಂಗಳ ಬಾಳಿನ ಹಿಂದೆ ಈ ಅಂಜಿಕೆಯಿದೆ. ವರ್ಷ ಮೀರಿದ ಗೇಣಿಗೆ ನೋಂದಣಿ ಕಡ್ಡಾಯವೆಂಬ 1908ರ ಕಾಯಿದೆಯಿಂದ ತಪ್ಪಿಸಿಕೊಳ್ಳುವ ಉಪಾಯವೂ ಅದರಲ್ಲಿ ಬೆರೆತಿತ್ತು.

ಬಾಡಿಗೆ ಕಾಯಿದೆಯ ಕೊನೆಗಾಲದ ಮೊಕದ್ದಮೆಯ ಹೆಸರು ಕನ್ನಡಿಗರ ಕಿವಿ ನಿಮಿರಿಸುವಂಥದು: ಮಲ್ಪೆ ವಿಶ್ವನಾಥ ಆಚಾರ್ಯ ಮತ್ತು ಮಹಾರಾಷ್ಟ್ರ ರಾಜ್ಯ. ಮಲ್ಪೆ ಎಂದೊಡನೆ ಉಡುಪಿಯ ಕಡಲಂಚು ಕಣ್ಣಮುಂದೆ ಬಾರದೆ ಇರುತ್ತದೆಯೆ? ಇಲ್ಲಿ ದೂರು ತಂದವರು ಬಾಡಿಗೆದಾರರಲ್ಲ, ಒಡೆಯರ ಪಕ್ಷ. 1940ರ ಬಾಡಿಗೆಯನ್ನು ಹಾಗೆಯೇ ಹಿಡಿದಿಟ್ಟ ನಿಯಮಗಳು ಮೊದಲು ನ್ಯಾಯವಾಗಿದ್ದರೂ ಕಾಲ ಸರಿದಂತೆ ಅನ್ಯಾಯವೂ ನಿರಂಕುಶವೂ ಆಗಿವೆ ಎಂದು 1997ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿತು. ಆದರೂ ಕಾಯಿದೆಯನ್ನು ರದ್ದುಮಾಡಲಿಲ್ಲ. 1998ರ ಮಾರ್ಚ್ 31ಕ್ಕೆ ಅದರ ಅವಧಿ ಹೇಗೂ ಮುಗಿಯುತ್ತದಲ್ಲ ಎಂದಿತು. ಅವಧಿ ಮತ್ತೆ ವಿಸ್ತರಣೆಯಾಯಿತು. ನ್ಯಾಯಾಲಯಕ್ಕಿಂತ ಮುಂಬಯಿಯ ಬಾಡಿಗೆದಾರರು ತಮ್ಮ ವಿಧಾನಮಂಡಲವನ್ನು ಚೆನ್ನಾಗಿ ಬಲ್ಲವರು.

ಕೊನೆಗೆ ಬಂದದ್ದು 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆ, 2000ದ ಮಾರ್ಚ್ 31ರಿಂದ ಜಾರಿ. ಹಳೆಯ ಬಾಡಿಗೆಗೆ ವರ್ಷಕ್ಕೆ ಶೇಕಡ 4ರ ಏರಿಕೆ ಸಿಕ್ಕಿತು. ನಮ್ಮ ಕಥೆಗೆ ಬೇಕಾದದ್ದು ಅದರ 56ನೆಯ ಕಲಮು. ಬಾಡಿಗೆದಾರ ತನ್ನ ಹಕ್ಕನ್ನು ಬಿಟ್ಟುಕೊಡಲು ಹಣ ಪಡೆಯುವುದು ಕಾನೂನುಬದ್ಧ. ಗೇಣಿ ಕೊಡಲು, ನವೀಕರಿಸಲು, ವರ್ಗಾವಣೆಗೆ ಒಪ್ಪಲು ಒಡೆಯ ‘ಫೈನ್, ಪ್ರೀಮಿಯಂ ಅಥವಾ ಅಂಥ ಇನ್ನಾವುದೇ ಮೊತ್ತ’ ಪಡೆಯುವುದೂ ಕಾನೂನುಬದ್ಧ ಎಂದು ಅದು ಸಾರಿತು. 1915ರಿಂದ ನಿಷೇಧಿಸುತ್ತ ಬಂದ ಅದೇ ಪದಗಳು, ಅದೇ ಕ್ರಮ. ಸುತ್ತಣ ವಾಕ್ಯ ಮಾತ್ರ ಮಗುಚಿಕೊಂಡಿತು. ಇಂಗ್ಲಿಷ್ ಸಾಹಿತ್ಯವನ್ನು ಓದಿ ಕಡತಗಳ ನಡುವೆ ಬದುಕುವ ನಮಗೆ ಶಬ್ದವೊಂದರ ಇಂಥ ಮರುಜನ್ಮ ಬೇರೆಲ್ಲೂ ಸಿಕ್ಕಿಲ್ಲ. ಪಗಡಿ ನೆಲದಡಿಯಿಂದ ಮೇಲೆದ್ದು ಬಂದಿತು. ಕರಾರು ಬರೆಯಬಹುದು, ಚೆಕ್ಕಿನಲ್ಲಿ ಕೊಡಬಹುದು, ರಸೀದಿ ಕೇಳಬಹುದು. ಇಂದು ಪಗಡಿಯ ಮನೆಗೆ ಹೋಗುವವರು ಈ ಮೂರನ್ನೂ ಮಾಡದೆ ಹಳೆಯ ರೂಢಿಯಂತೆ ನಗದು ಎಣಿಸಿದರೆ, ಕಾನೂನು ಕೊಟ್ಟ ರಕ್ಷೆಯನ್ನು ತಾವೇ ಕಳಚಿಟ್ಟಂತೆ.

ಇದೇ ಕಾಯಿದೆಯ 55ನೆಯ ಕಲಮನ್ನು ಹೊರನಾಡಿನ ಪ್ರತಿ ಕನ್ನಡ ಸಂಸಾರವೂ ತಿಳಿದಿರಬೇಕು. ಬಾಡಿಗೆಯಾಗಲಿ ಲೀವ್ ಅಂಡ್ ಲೈಸೆನ್ಸ್ ಆಗಲಿ, ಹನ್ನೊಂದು ತಿಂಗಳಿನದಾಗಲಿ ಹನ್ನೊಂದು ದಿನದ್ದಾಗಲಿ, ಕರಾರು ಲಿಖಿತವಾಗಿರಬೇಕು, ನೋಂದಣಿಯಾಗಬೇಕು. ನೋಂದಾಯಿಸುವ ಹೊಣೆ ಒಡೆಯನದು. ತಪ್ಪಿದರೆ ಮೂರು ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಅದಕ್ಕಿಂತ ಮಿಗಿಲಾದ ಮಾತು ಇನ್ನೊಂದಿದೆ. ನೋಂದಾಯಿತ ಕರಾರು ಇಲ್ಲದಿದ್ದರೆ, ಷರತ್ತುಗಳ ಬಗೆಗೆ ಬಾಡಿಗೆದಾರ ಹೇಳಿದ್ದೇ ಸರಿ, ಬೇರೆ ರೀತಿ ಸಾಬೀತಾಗುವ ತನಕ. ಠೇವಣಿಯಿಂದ ಬಣ್ಣದ ಖರ್ಚು, ಸ್ವಚ್ಛತೆಯ ಖರ್ಚು ಎಂದು ಕಳೆಯಹೊರಟ ಒಡೆಯನಿಗೆ ಈ ಒಂದು ವಾಕ್ಯವನ್ನು ಶಾಂತವಾಗಿ ಓದಿ ಹೇಳಿದರೆ ಸಾಮಾನ್ಯವಾಗಿ ಅರ್ಧ ಲೆಕ್ಕ ಇಳಿಯುತ್ತದೆ.

ನೋಂದಣಿಯ ಖರ್ಚನ್ನೂ ಒಮ್ಮೆ ಲೆಕ್ಕ ಹಾಕಿ ನೋಡೋಣ, ದಲ್ಲಾಳಿಗಳು ಬಾಯಿಗೆ ಬಂದಷ್ಟು ಹೇಳುವುದರಿಂದ. ಈಚಿನ ವರ್ಷಗಳ ದರದಂತೆ ಅವಧಿಯ ಒಟ್ಟು ಬಾಡಿಗೆಗೆ, ಮರಳುವ ಠೇವಣಿಯ ಮೇಲೆ ವರ್ಷಕ್ಕೆ ಶೇಕಡ 10ರ ಬಡ್ಡಿಯನ್ನು ಕೂಡಿಸಿ, ಬಂದ ಮೊತ್ತದ ಶೇಕಡ 0.25 ಮುದ್ರಾಂಕ ಶುಲ್ಕ. ತಿಂಗಳಿಗೆ 40,000 ಬಾಡಿಗೆ, 2 ಲಕ್ಷ ಠೇವಣಿ, 11 ತಿಂಗಳು ಎಂದಿಟ್ಟುಕೊಂಡರೆ 4,40,000ಕ್ಕೆ 20,000 ಸೇರಿ 4,60,000. ಅದರ ಮೇಲೆ 1,150 ರೂಪಾಯಿ. ನಗರದಲ್ಲಿ ನೋಂದಣಿ ಶುಲ್ಕ 1,000. ಉಳಿದದ್ದು ಓಡಾಡಿದವನ ಕೂಲಿ. ಕೊಡಬಾರದೆಂದಲ್ಲ, ಸರಕಾರದ ಶುಲ್ಕವೆಂದು ತಿಳಿದು ಕೊಡಬೇಕಾಗಿಲ್ಲ.

ಇನ್ನು ತಲ್ಮಾಕಿಯವರ ಕನಸಿನ ಕಡೆಗೆ ಹಿಂದಿರುಗೋಣ, ಏಕೆಂದರೆ ಇಂದಿನ ಅನಿರೀಕ್ಷಿತ ಶುಲ್ಕಗಳಲ್ಲಿ ಹಲವು ಹುಟ್ಟುವುದು ಸಹಕಾರಿ ಗೃಹ ಸಂಘದ ಕಚೇರಿಯಲ್ಲಿ. ಒಡೆಯನ ಕಾಟದಿಂದ ಬಿಡುಗಡೆಗೆಂದು ಹುಟ್ಟಿದ ಸಂಸ್ಥೆ ನೂರು ವರ್ಷದಲ್ಲಿ ಉಪನಗರಗಳ ತುಂಬ ಹಬ್ಬಿತು. ಸದಸ್ಯ ತನ್ನ ಫ್ಲ್ಯಾಟನ್ನು ಬಾಡಿಗೆಗೆ ಕೊಟ್ಟೊಡನೆ ಅವನಿಗೆ ಸ್ವಂತ ವಾಸವಿಲ್ಲದ ಶುಲ್ಕ ಹಾಕಿತು. ಅವನು ಅದನ್ನು ಬಾಡಿಗೆಯವನ ತಲೆಗೆ ದಾಟಿಸಿದ. ಕೆಲವು ಸಂಘಗಳು ಇದನ್ನು ಮನಬಂದಂತೆ ಏರಿಸಿದಾಗ ರಾಜ್ಯ ಸರಕಾರ 2001ರ ಆಗಸ್ಟ್ 1ರ ಆದೇಶದಿಂದ ಸೇವಾ ಶುಲ್ಕದ ಶೇಕಡ 10ನ್ನು ಮೀರಕೂಡದೆಂದು ಮಿತಿ ಹಾಕಿತು. ಮಾಂಟ್ ಬ್ಲಾಂಕ್ ಸಂಘ ಈ ಆದೇಶವನ್ನು ಪ್ರಶ್ನಿಸಿತು; 2007ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯ ಆದೇಶವನ್ನು ಎತ್ತಿಹಿಡಿಯಿತು. ಶೇಕಡ 10 ಎನ್ನುವುದು ಸೇವಾ ಶುಲ್ಕದ್ದು ಮಾತ್ರ, ಪಾಲಿಕೆಯ ತೆರಿಗೆ ಅದರಲ್ಲಿ ಸೇರದು, ಬಾಡಿಗೆಯ ಶೇಕಡ 10 ಅಂತೂ ಖಂಡಿತ ಅಲ್ಲ. ತಿಂಗಳ ಸೇವಾ ಶುಲ್ಕ 3,000 ಇದ್ದರೆ ಇದು 300 ರೂಪಾಯಿ. ಸಾವಿರಗಟ್ಟಲೆ ಕೇಳಿದ ಕಡೆ ಆದೇಶದ ದಿನಾಂಕ ಹೇಳಿದರೆ ಸಾಕು.

ಪಶ್ಚಿಮ ಉಪನಗರದ ಒಂದು ಸಂಘದಲ್ಲಿ ನಾವು ಸಾಮಾನು ಇಳಿಸುವ ದಿನ, ಲಿಫ್ಟು ಬಳಸುವುದಕ್ಕೆ ಮರಳಿ ಬಾರದ 5,000 ರೂಪಾಯಿ ಕೇಳಿದರು. ಕರಾರಿನಲ್ಲಿ ಅದರ ಸುಳಿವಿರಲಿಲ್ಲ. ಟೆಂಪೋ ಕೆಳಗೆ ನಿಂತಿತ್ತು, ಮಳೆ ಬರುವಂತಿತ್ತು. ನಾವು ರಸೀದಿ ಕೇಳಿದೆವು. ಬಹಳ ಹೊತ್ತು ಪುಸ್ತಕ ಹುಡುಕಿ, ಕೊನೆಗೆ ‘ಐಚ್ಛಿಕ ದೇಣಿಗೆ’ ಎಂದು ಬರೆದು ಕೊಟ್ಟರು. ಐಚ್ಛಿಕವಾದರೆ ನಮ್ಮ ಇಚ್ಛೆ 500 ಎಂದು ಹೇಳಿದಾಗ ಕಾರ್ಯದರ್ಶಿಯವರು ನಕ್ಕು, ತಿದ್ದಿ ಸಹಿ ಹಾಕಿದರು. ಸಲಾಮು, ಕೃತಜ್ಞತೆ, ಮುಂಡಾಸುಗಳ ಸಾಲಿಗೆ ದೇಣಿಗೆಯೂ ಸೇರಿತು ಎಂದುಕೊಂಡು ನಾವು ಹಾಸಿಗೆಯ ಗಂಟನ್ನು ಒಳಗೆ ತಂದೆವು.

ಕೇಂದ್ರ ಸರಕಾರ 2021ರಲ್ಲಿ ಮಾದರಿ ಬಾಡಿಗೆ ಕಾಯಿದೆಯೊಂದನ್ನು ರಾಜ್ಯಗಳ ಮುಂದಿಟ್ಟಿತು. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಹಿಡಿಯಕೂಡದೆಂಬುದು ಅದರ ಒಂದು ಅಂಶ. ಹತ್ತು ತಿಂಗಳ ಮುಂಗಡಕ್ಕೆ ಒಗ್ಗಿಹೋಗಿದ್ದ ಬೆಂಗಳೂರಿನವರಿಗೆ ಇದು ಹಾಸ್ಯದಂತೆ ಕೇಳಿಸೀತು. ಮಾದರಿ ಎಂದರೆ ಮಾದರಿಯಷ್ಟೇ; ರಾಜ್ಯ ತನ್ನದಾಗಿಸಿಕೊಂಡ ಹೊರತು ಅದು ಕಾನೂನಲ್ಲ. ಇಂಗ್ಲೆಂಡು 2019ರಲ್ಲಿ ಬಾಡಿಗೆದಾರರಿಂದ ದಲ್ಲಾಳಿಗಳು ಕೇಳುತ್ತಿದ್ದ ಹೆಚ್ಚಿನ ಶುಲ್ಕಗಳನ್ನೆಲ್ಲ ನಿಷೇಧಿಸಿ, ಸಾಮಾನ್ಯ ಬಾಡಿಗೆಯ ಮನೆಗಳಿಗೆ ಠೇವಣಿಯನ್ನು ಐದು ವಾರಗಳ ಬಾಡಿಗೆಗೆ ಇಳಿಸಿತು. 1915ರ ಮಾತಿನ ಗೊಂಚಲನ್ನು ನಮಗೆ ಕೊಟ್ಟ ದೇಶ ಅದು; ನಿಷೇಧದ ಹಾದಿಯನ್ನು ಅದು ಮತ್ತೆ ಹಿಡಿಯುವ ಹೊತ್ತಿಗೆ ಮುಂಬಯಿ ಪಗಡಿಯನ್ನು ಕಾನೂನಿನ ಮನೆಯೊಳಗೆ ಕರೆದುಕೊಂಡು 19 ವರ್ಷ ಕಳೆದಿತ್ತು.

ಹಳೆಯ ಪಗಡಿ ಕಟ್ಟಡಗಳು ಈಗ ಒಂದೊಂದಾಗಿ ಪುನರ್ನಿರ್ಮಾಣಕ್ಕೆ ಉರುಳುತ್ತಿವೆ. ಗಿರಗಾಂವ್, ಪರಳ, ಲಾಲಬಾಗಗಳಲ್ಲಿ ಚಾಳು ಇದ್ದ ಕಡೆ ಗೋಪುರಗಳು ಏಳುತ್ತಿವೆ. ಬಿಲ್ಡರನು ಹೊಸ ಫ್ಲ್ಯಾಟು ಕೊಡುವಾಗ ಕೇಳುವ ಮೊದಲ ಕಾಗದ ಬಾಡಿಗೆಯ ರಸೀದಿ. ಊರಿನಲ್ಲಿ ನೆಲೆಸಿದ ಮಕ್ಕಳು ಅಪ್ಪನ ಪೆಟ್ಟಿಗೆಯನ್ನು ತೆರೆದು, ಮಾಸಿದ ಚೀಟಿಗಳಲ್ಲಿ ಕೊನೆಯದು ಯಾರ ಹೆಸರಿನಲ್ಲಿದೆ ಎಂದು ನೋಡುತ್ತಿದ್ದಾರೆ.